ಹಳೇ ಬಣ್ಣ ಕೆರೆಯದೆ ಪುಟ್ಟಿ ಬಳಿದಿದ್ದೀರಿ, ಕೆಲಸ ಮತ್ತೆ ಮಾಡಿಕೊಡಿ

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಹಾಲ್ ಮತ್ತು ಮಲಗುವ ಕೋಣೆಯ ಬಣ್ಣ ಕಿತ್ತು ಬರುತ್ತಿರುವ ಬಗ್ಗೆ

ಮಾನ್ಯರೇ,

ಮೈಸೂರಿನ ನಮ್ಮ ಮನೆಗೆ ದೀಪಾವಳಿಗೆ ಮೊದಲು ನಿಮ್ಮ ತಂಡ ಬಣ್ಣ ಹೊಡೆದು ಹೋಯಿತು. ಯುಗಾದಿ ಹೊತ್ತಿಗೆ ಹಾಲ್‌ನ ಗೋಡೆಯಲ್ಲಿ ಗುಳ್ಳೆ ಎದ್ದಿದೆ. ಒಂದಕ್ಕೆ ಉಗುರು ತಾಗಿಸಿದೆ ಅಷ್ಟೇ, ಅಂಗೈ ಅಗಲದ ಚೂರು ಹಪ್ಪಳದ ಹಾಗೆ ಕಳಚಿ ಬಂತು. ಹಿಂಬದಿಯಲ್ಲಿ ನಮ್ಮ ಹಳೇ ನೀಲಿ ಡಿಸ್ಟೆಂಪರ್ ಪುಡಿಪುಡಿಯಾಗಿ ಅಂಟಿಕೊಂಡಿದೆ. ಅಂದರೆ ಹಳೇ ಬಣ್ಣ ಕೆರೆದೇ ಇಲ್ಲ, ಅದರ ಮೇಲೇ ಪುಟ್ಟಿ ಎಳೆದಿದ್ದಾರೆ. ಆ ಚೂರನ್ನು ಎತ್ತಿಟ್ಟಿದ್ದೇನೆ, ಬಂದವರಿಗೆ ತೋರಿಸುತ್ತೇನೆ.

ನಿಮ್ಮ ಕೊಟೇಶನ್ ನೀವೇ ಒಮ್ಮೆ ಓದಿ. ಕೆರೆಯುವುದು, ಪ್ರೈಮರ್, ಎರಡು ಕೋಟ್ ಪುಟ್ಟಿ, ಉಜ್ಜುವುದು, ಮತ್ತೆ ಪ್ರೈಮರ್, ಎರಡು ಕೋಟ್ ಎಮಲ್ಷನ್. ಇಷ್ಟಕ್ಕೂ ಸೇರಿಸಿಯೇ ದುಡ್ಡು ತೆಗೆದುಕೊಂಡಿದ್ದೀರಿ, ಅಲ್ವಾ? ಡಿಸ್ಟೆಂಪರ್‌ನಲ್ಲಿ ಚಾಕ್ ಪುಡಿಯೇ ಜಾಸ್ತಿ. ಅದನ್ನು ತೆಗೆಯದೆ ಎಂಥ ದುಬಾರಿ ಪೇಂಟ್ ಹೊಡೆದರೂ ಅದು ಪುಡಿಯನ್ನು ಹಿಡಿಯುತ್ತದೆಯೇ ಹೊರತು ಗೋಡೆಯನ್ನಲ್ಲ. ಬಣ್ಣದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗನಿಗೂ ಇದು ಗೊತ್ತಿರುತ್ತದೆ.

ಮಲಗುವ ಕೋಣೆಯ ಗೋಡೆಯ ಆಚೆಗೇ ಬಾತ್‌ರೂಮ್ ಇದೆ. ಕೆಳಗೆ ತೇವ ಇದೆ, ಉಪ್ಪು ಬಿಡುತ್ತಿದೆ ಅಂತ ನಿಮ್ಮ ಸೂಪರ್‌ವೈಸರ್‌ಗೆ ಮುಟ್ಟಿಸಿಯೇ ತೋರಿಸಿದ್ದೆ. "ವಾಟರ್‌ಪ್ರೂಫ್ ಪುಟ್ಟಿ ಹಾಕ್ತೀವಿ, ಏನೂ ಆಗಲ್ಲ ಮೇಡಂ" ಅಂದರು. ಸೋರಿಕೆ ನಿಲ್ಲಿಸದೆ, ಗೋಡೆ ಒಣಗಲು ಬಿಡದೆ ಮೇಲೆ ಏನು ಬಳಿದರೂ ನೀರು ಉಪ್ಪನ್ನು ಹೊತ್ತು ಹೊರಗೆ ಬರುತ್ತದೆ. ಈಗ ಹಾಗೇ ಆಗಿದೆ. ಸವರಿದರೆ ಬೆರಳಿಗೆ ಬಿಳಿ ಪುಡಿ, ಮೂಲೆಯಲ್ಲಿ ಬೂಷ್ಟು. ಅಮ್ಮನ ಮಂಚ ಇರುವುದು ಆ ಗೋಡೆಯ ಪಕ್ಕದಲ್ಲೇ. ಅವರನ್ನು ಬೇರೆ ಕೋಣೆಗೆ ಕಳಿಸಬೇಕಾಯಿತು. ಮೊದಲೇ ನಿಜ ಹೇಳಿದ್ದರೆ ಕೆಲಸ ಒಂದು ತಿಂಗಳು ಮುಂದಕ್ಕೆ ಹಾಕುತ್ತಿದ್ದೆವು.

ಫೋನ್ ಮಾಡಿದರೆ ಟಚ್‌ಅಪ್ ಮಾಡಿಕೊಡುತ್ತೇವೆ ಅನ್ನುತ್ತಾರೆ. ಸುಮ್ನೆ ಮೇಲೆ ಮೇಲೆ ಬಳಿಯುವುದು ಬೇಡ. ಹಾಲ್‌ನ ಗೋಡೆಯನ್ನು ಗಾರೆ ಕಾಣುವವರೆಗೆ ಕೆರೆದು, ಕೊಟೇಶನ್‌ನಲ್ಲಿರುವ ಪ್ರತಿ ಹಂತವನ್ನೂ ನಮ್ಮೆದುರೇ ಮಾಡಿ. ಬಾತ್‌ರೂಮ್ ಸೋರಿಕೆಯನ್ನು ಪ್ಲಂಬರ್ ಕರೆಸಿ ನಾವೇ ಸರಿಮಾಡಿಸುತ್ತೇವೆ, ಆ ಖರ್ಚು ನಮ್ಮದು. ಆಮೇಲೆ ತೇವ ಅಳೆಯುವ ಮೀಟರ್ ಇಟ್ಟು, ಗೋಡೆ ಒಣಗಿದೆ ಅಂತ ತೋರಿಸಿದ ಮೇಲೆಯೇ ಪ್ರೈಮರ್ ಹಚ್ಚಿ. ಇದಕ್ಕೆ ಮತ್ತೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ.

15 ದಿನದೊಳಗೆ ಕೆಲಸದ ದಿನಾಂಕ ಬರೆದು ತಿಳಿಸಿ. ಇಲ್ಲದಿದ್ದರೆ 1915 ಸಹಾಯವಾಣಿಯಲ್ಲಿ ದೂರು ದಾಖಲಿಸಿ, 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಬಿಲ್, ಕೊಟೇಶನ್, ಫೋಟೋಗಳನ್ನು ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕಿ
ಮೈಸೂರು