ಗೆಳೆಯನಿಗೊಂದು ಪತ್ರ: ಹಲಸಿನ ಸಿಪ್ಪೆ, ಕೋಳಿ ಮತ್ತು ಶೇಕಡಾವಾರು ಲೆಕ್ಕ

ಪ್ರಿಯ ಗೆಳೆಯಾ,

ಹುಳಿ ಬಂದ ಹಣ್ಣು ತಿಂದ ನನ್ನ ಹುಂಜಗಳು ನೆಟ್ಟಗೆ ನಡೆಯುತ್ತವೆಯೇ ಎಂದು ಕೇಳಿದ್ದೀಯೆ. ನಡೆಯುತ್ತವೆ, ಬೇಲೂರಿನ ಆ ರಾತ್ರಿ ನೀನು ನಡೆದದ್ದಕ್ಕಿಂತ ನೆಟ್ಟಗೆ. ಈ ಪತ್ರವನ್ನು ನಿನ್ನ ಜೊತೆಗೆ ಇನ್ನೂ ಹಲವರು ಓದುವುದರಿಂದ ಆ ವಿಷಯವನ್ನು ಇಲ್ಲಿಗೇ ಬಿಡುತ್ತೇನೆ.

ಮೂಡಿಗೆರೆಯ ಈ ಕಡೆ ಹಲಸು ಹಣ್ಣಾಗುವುದೂ ಮಳೆ ಹಿಡಿಯುವುದೂ ಒಂದೇ ಹೊತ್ತಿಗೆ. ತೊಳೆ ಬಿಡಿಸಿಕೊಂಡ ಮೇಲೆ ಉಳಿಯುವ ಸಿಪ್ಪೆ, ನಾರು, ನಡುದಿಂಡು, ಬೀಜಗಳೇ ಹಣ್ಣಿನ ಅರ್ಧಕ್ಕಿಂತ ಹೆಚ್ಚು ತೂಗುತ್ತವೆ. ಒಣಗಿಸೋಣವೆಂದರೆ ಬಿಸಿಲಿಲ್ಲ, ಹಾಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದಲೇ ಹುದುಗಿಸುವ ದಾರಿ. ಸಣ್ಣಗೆ ಕೊಚ್ಚಿ, ನೀರಿನಂಶ ತಗ್ಗಲೆಂದು ತೌಡು ಬೆರೆಸಿ, ನಡುವೆ ಗಾಳಿ ಉಳಿಯದಂತೆ ಡ್ರಮ್ಮಿಗೆ ಒತ್ತಿ ತುಂಬಿ ಬಾಯಿ ಬಿಗಿದರೆ, ಹಣ್ಣಿನ ಸಕ್ಕರೆಯನ್ನು ತಿಂದ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಹುಳಿಯನ್ನು ಹುಟ್ಟಿಸುತ್ತವೆ, ಮತ್ತು ಹುಳಿಯ ಅಳತೆಯಾದ ಪಿಎಚ್ 4ರ ಆಸುಪಾಸಿಗೆ ಇಳಿದ ಮೇಲೆ (ಹುಳಿ ಏರಿದಷ್ಟೂ ಈ ಅಂಕಿ ಇಳಿಯುತ್ತದೆ) ಸಾಲ್ಮೊನೆಲ್ಲಾದಂಥ ರೋಗಾಣುಗಳು ಅಲ್ಲಿ ಬೆಳೆಯಲಾರವು. ಬೀಜವನ್ನು ಮಾತ್ರ ಬೇಯಿಸಿಯೇ ಹಾಕಬೇಕು, ಏಕೆಂದರೆ ಹಸಿ ಬೀಜದಲ್ಲಿ ಪ್ರೋಟೀನ್ ಜೀರ್ಣವಾಗುವುದನ್ನು ತಡೆಯುವ ಅಂಶವಿದೆ. ಕಾಫಿ ಹಣ್ಣಿನ ಸಿಪ್ಪೆಯನ್ನೂ ಹೀಗೇ ಮಾಡಬಹುದಲ್ಲ ಎಂದು ಇಲ್ಲಿ ಎಲ್ಲರೂ ಕೇಳುತ್ತಾರೆ. ಅದರಲ್ಲಿರುವ ಕೆಫೀನ್ ಮತ್ತು ಟ್ಯಾನಿನ್ ಕೋಳಿಗೆ ಒಗ್ಗುವುದಿಲ್ಲವಾದ್ದರಿಂದ ನಾನು ಆ ಗೋಜಿಗೆ ಹೋಗಿಲ್ಲ.

ಕೋಳಿ ಸಾಕಣೆಯ ಖರ್ಚಿನಲ್ಲಿ ಶೇಕಡಾ 60ರಿಂದ 70ರಷ್ಟು ಆಹಾರಕ್ಕೇ ಹೋಗುತ್ತದೆ, ಆ ಆಹಾರದ ತೂಕದಲ್ಲಿ ಅರ್ಧದಷ್ಟು ಮುಸುಕಿನ ಜೋಳ, ಮತ್ತು ಆ ಜೋಳ ಈಗ ಎಥೆನಾಲ್ ಕಾರ್ಖಾನೆಗಳಿಗೂ ಬೇಕಾಗಿದೆ. ಮರಿಯನ್ನೂ ಫೀಡನ್ನೂ ಕಂಪನಿಯೇ ಕೊಡುವ ಕರಾರಿನ ಫಾರಂಗಳಲ್ಲಿ ಇಂಥ ಪ್ರಯೋಗಕ್ಕೆ ಜಾಗವಿಲ್ಲ. ಇದೇನಿದ್ದರೂ ಹಿತ್ತಲಿನ ನಾಟಿ ಕೋಳಿಗೆ, ಹೆಬ್ಬಾಳದಿಂದ ಬಂದ ಗಿರಿರಾಜ ತಳಿಗೆ. ಬೂಷ್ಟಿನ ಬಗ್ಗೆ ನನಗಿರುವ ಭಯವನ್ನು ನೋಡಿ ನಗಬೇಡ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ತಿಂದು. ಅಫ್ಲಾಟಾಕ್ಸಿನ್ ಎಂಬ ವಿಷ ಜಗತ್ತಿಗೆ ತಿಳಿದದ್ದೇ ಆಗ.

ಇನ್ನು ನಾನು ನಿಜವಾಗಿ ಹೇಳಬೇಕೆಂದಿದ್ದ ವಿಷಯ. ಹುದುಗಿಸಿದರೆ ಪ್ರೋಟೀನ್ ಹೆಚ್ಚುತ್ತದೆ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಅದನ್ನು ಅಳೆಯುವ ಬಗೆ ಎಂದರೆ ಮೇವಿನ ನೈಟ್ರೋಜನ್ನನ್ನು ಕಂಡುಹಿಡಿದು 6.25ರಿಂದ ಗುಣಿಸುವುದು. ಈ ಲೆಕ್ಕಕ್ಕೆ ಶೇಕಡಾ 46 ನೈಟ್ರೋಜನ್ ಇರುವ ಯೂರಿಯಾವನ್ನು ಕೊಟ್ಟರೆ, ನೂರು ಕೆಜಿಯಲ್ಲಿ 287 ಕೆಜಿ ಪ್ರೋಟೀನ್ ಇದೆ ಎಂದು ಕಾಗದ ಹೇಳುತ್ತದೆ! ದನದ ಹೊಟ್ಟೆಯ ಸೂಕ್ಷ್ಮಜೀವಿಗಳಾದರೆ ಅದರಲ್ಲಿ ಸ್ವಲ್ಪವನ್ನು ದಕ್ಕಿಸಿಕೊಂಡಾವು. ಕೋಳಿಗೆ ಆ ಹೊಟ್ಟೆಯೇ ಇಲ್ಲ. ಯೂರಿಯಾ ಬೆರೆಸದಿದ್ದರೂ ಅಂಕಿ ಏರುತ್ತದೆ, ಅದು ಇನ್ನೊಂದು ಸ್ವಾರಸ್ಯ. ಒಣತೂಕದಲ್ಲಿ ನೂರು ಕೆಜಿ ಸಿಪ್ಪೆ, ಅದರಲ್ಲಿ 6 ಕೆಜಿ ಪ್ರೋಟೀನ್ ಎಂದುಕೊ. ಯೀಸ್ಟ್ ಬೆರೆಸಿ ಗಾಳಿಯಾಡಲು ಬಿಟ್ಟರೆ ಅದು 20 ಕೆಜಿ ಸಕ್ಕರೆಯನ್ನು ಇಂಗಾಲದ ಡೈಆಕ್ಸೈಡ್ ಮಾಡಿ ಗಾಳಿಗೆ ಕಳಿಸಿಬಿಡಬಹುದು. ಉಳಿದ 80 ಕೆಜಿಯಲ್ಲಿ ಅದೇ 6 ಕೆಜಿ ಪ್ರೋಟೀನ್ ಈಗ ಶೇಕಡಾ 7.5 ಆಗುತ್ತದೆ. ಬಾಯಿ ಬಿಗಿದ ಡ್ರಮ್ಮಿನಲ್ಲಿ ಈ ನಷ್ಟ ಕಡಿಮೆ, ಅಷ್ಟರಮಟ್ಟಿಗೆ ಅಂಕಿಯ ಏರಿಕೆಯೂ ಕಡಿಮೆ. ಯೀಸ್ಟು ನೈಟ್ರೋಜನ್ನಿಗೆ ಒಳ್ಳೆಯ ರೂಪ ಕೊಡಬಲ್ಲದು ಎಂಬುದು ನಿಜ, ಆದರೆ ಇಲ್ಲದ್ದನ್ನು ಅದು ತಂದು ಸೇರಿಸುವುದಿಲ್ಲ.

ಈ ಲೆಕ್ಕ ತಲೆಗೆ ಹೊಕ್ಕಂದಿನಿಂದ ನನಗೆ ಒಂದು ಬಗೆಯ ಕಸಿವಿಸಿ. ಊರಿಗೆ ಮರಳಿದ ಮೇಲೆ ನಾನು ಮಾಗಿದ್ದೇನೆ, ಮಾತು ಕಡಿಮೆಯಾಗಿ ತೂಕ ಬಂದಿದೆ ಎಂದು ಬಂದವರೆಲ್ಲ ಹೇಳುತ್ತಾರೆ, ನಾನೂ ಅಲ್ಲವೆನ್ನದೆ ಮುಗುಳ್ನಗುತ್ತಾ ಕೂರುತ್ತೇನೆ. ಹೊಸದಾಗಿ ಏನು ಸೇರಿದೆ ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಹರಟೆ ಹೋಯಿತು, ಜಗಳ ಹೋಯಿತು, ಶನಿವಾರ ಬರುತ್ತಿದ್ದವರು ಬರುವುದನ್ನು ಬಿಟ್ಟರು; ಇದ್ದದ್ದೇ ಈಗ ಎದ್ದು ಕಾಣುತ್ತಿದೆ. ನನ್ನ ದಿನಗಳಲ್ಲಿ ನಿನ್ನ ಪಾಲು ಹಿಂದೆಂದಿಗಿಂತ ದೊಡ್ಡದಾಗಿದೆ ಎಂದು ಕಳೆದ ಸಲ ಫೋನಿನಲ್ಲಿ ಹೇಳಿದಾಗ ನೀನು ಸಂತೋಷಪಟ್ಟೆ. ನಿನ್ನ ಪಾಲು ಅಷ್ಟೇ ಇದೆ, ಗೆಳೆಯಾ. ಉಳಿದವರಿಗೆ ನಾನು ಫೋನ್ ಮಾಡುವುದನ್ನು ಬಿಟ್ಟಿದ್ದೇನೆ, ಅವರೂ ಬಿಟ್ಟಿದ್ದಾರೆ. ಸಂಜೆಯ ಹೊತ್ತು, ತೆರೆಯಬಾರದ ಡ್ರಮ್ಮಿನ ಪಕ್ಕದಲ್ಲಿ ನಿಂತುಕೊಳ್ಳುವುದನ್ನೇ ನಾನು ಕೆಲಸವೆಂದು ಕರೆದುಕೊಳ್ಳುತ್ತಿದ್ದೇನೆ.

ಇಷ್ಟೆಲ್ಲ ಬರೆಯುವ ಉದ್ದೇಶವಿರಲಿಲ್ಲ. ಕೋಳಿಗೆ ಎಷ್ಟು ಹಾಕಬೇಕೆಂದು ಹೇಳಲು ಕುಳಿತವನು ತತ್ವಜ್ಞಾನಿಯಾಗಿಬಿಟ್ಟೆ, ಇದನ್ನು ಓದಿದರೆ ಅತ್ತಿಗೆ ಬಿದ್ದು ಬಿದ್ದು ನಗುತ್ತಾರೆ. ಆದ್ದರಿಂದ ವಿಷಯಕ್ಕೆ ಬರುತ್ತೇನೆ. ನಿನ್ನ ಕೋಳಿಗಳಿಗೆ ಹಾಕುವುದಾದರೆ, ಮೇವಿನ ಒಣತೂಕದಲ್ಲಿ ಶೇಕಡಾ 5ರಿಂದ ಆರಂಭಿಸು, 10 ದಾಟಿಸಬೇಡ. ನಾರು ಹೆಚ್ಚಾದರೆ ಅವು ಹೊಟ್ಟೆ ತುಂಬಿಸಿಕೊಂಡು ಮೊಟ್ಟೆ ಕಡಿಮೆ ಮಾಡುತ್ತವೆ. ಪುಟ್ಟ ಮರಿಗಳಿಗೆ ಬೇಡವೇ ಬೇಡ. ಜೋಳದ ಖರ್ಚು ಸ್ವಲ್ಪ ಉಳಿದೀತು, ಪ್ರೋಟೀನಿಗಾಗಿ ಹಾಕುವ ಸೋಯಾ ಹಿಂಡಿಯದು ಉಳಿಯುವುದಿಲ್ಲ. ಈ ಕಡೆ ಬರುವಾಗ ಪಿಎಚ್ ನೋಡುವ ಕಾಗದದ ಒಂದು ಕಟ್ಟು ತೆಗೆದುಕೊಂಡು ಬಾ, ನನ್ನದು ಮುಗಿದಿದೆ. ಮೇಷ್ಟ್ರ ಕೊಡೆಯನ್ನು ಮಾತ್ರ ದಯವಿಟ್ಟು ತರಬೇಡ.

ಇಂತಿ ನಿನ್ನ,
ಶೇಕಡಾ 7.5