ಗಂಡಸರ ‘ಗ್ಯಾಸ್’ ಮತ್ತು ಬಂದರಿನ ಎರಡು ತಿಂಗಳು

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಅಕ್ಟೋಬರ್ 10 ಕಳೆದ ಮೇಲೆ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬರುತ್ತದೆ. ವಿಶ್ವ ಮಾನಸಿಕ ಆರೋಗ್ಯ ದಿನಾಚರಣೆ, ದೀಪ ಬೆಳಗುತ್ತಿರುವ ಅತಿಥಿಗಳು, ಎದುರಿಗೆ ಸಾಲಾಗಿ ಕುಳಿತ ಕಾಲೇಜು ಹುಡುಗಿಯರು ಮತ್ತು ಆಶಾ ಕಾರ್ಯಕರ್ತೆಯರು. ಐವತ್ತು ದಾಟಿದ, ಅಂಗೈಗೆ ಗ್ರೀಸ್ ಹತ್ತಿದ ಒಬ್ಬ ಗಂಡಸನ್ನು ಆ ಫೋಟೊಗಳಲ್ಲಿ ನಾನು ಇದುವರೆಗೆ ಕಂಡಿಲ್ಲ. ವೇದಿಕೆಯ ಮೇಲಿನವರನ್ನು ಬಿಟ್ಟು ಹೇಳುತ್ತಿದ್ದೇನೆ. ಅವರ ಅಂಗೈ ಸ್ವಚ್ಛವಾಗಿರುತ್ತದೆ.

ನಾನು ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳ ಇಂಜಿನ್ ಬಿಚ್ಚಿ ಜೋಡಿಸುವವನು. ಮೂವತ್ತು ವರ್ಷಗಳಿಂದ ಇದೇ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಲ್ಲ, ಬಂದರಿಗೆಲ್ಲ ಅದು ಬಿಡುವು, ನನಗೆ ಸುಗ್ಗಿ. 2024ರ ಮಳೆಗಾಲದಲ್ಲಿ ಒಂಬತ್ತು ಬೋಟುಗಳ ಕೆಲಸ ಒಪ್ಪಿಕೊಂಡು ಮುಂಗಡವನ್ನೂ ತೆಗೆದುಕೊಂಡಿದ್ದೆ. ಎರಡನ್ನು ಮುಗಿಸಿದೆ. ಮೂರನೆಯದರ ಇಂಜಿನ್ ಹೆಡ್ ಬಿಚ್ಚಿ ಗೋಣಿಚೀಲದ ಮೇಲೆ ಇಟ್ಟವನು ಹನ್ನೆರಡು ದಿನ ಅದನ್ನು ಮುಟ್ಟಲಿಲ್ಲ. ದಿನವೂ ಹೋಗುತ್ತಿದ್ದೆ, ಸ್ಟೂಲಿನ ಮೇಲೆ ಕುಳಿತು ಅದನ್ನು ನೋಡುತ್ತಿದ್ದೆ, ಮನೆಗೆ ಬರುತ್ತಿದ್ದೆ. ಕೊನೆಗೆ ಬೋಟಿನ ಮಾಲೀಕರು ಬೇರೆಯವರನ್ನು ಕರೆಸಿದರು. ಉಳಿದವರಿಗೆ ಮುಂಗಡ ಹಿಂದಿರುಗಿಸಿದೆ.

ಮುಂಜಾನೆ ಮೂರಕ್ಕೆ ಎಚ್ಚರವಾಗುತ್ತಿತ್ತು. ಎದೆ ಭಾರ, ಹೊಟ್ಟೆ ಉರಿ, ಬಂಗಡೆ ಸಾರು ಮುಂದಿಟ್ಟರೂ ಬಾಯಿಗೆ ರುಚಿಯಿಲ್ಲ. ನನಗೆ ದುಃಖವಾಗುತ್ತಿದೆ ಎಂದು ಒಮ್ಮೆಯೂ ಅನ್ನಿಸಲಿಲ್ಲ. ಬರುತ್ತಿದ್ದುದು ಸಿಟ್ಟು. ಮಗಳು ಫ್ಯಾನ್ ಹಾಕಿದರೂ ಸಿಟ್ಟು, ಆರಿಸಿದರೂ ಸಿಟ್ಟು. ಎರಡು ಸಲ ಇಸಿಜಿ ಆಯಿತು, ಒಮ್ಮೆ ಎಂಡೋಸ್ಕೋಪಿ ಆಯಿತು, ಎಲ್ಲವೂ ನಾರ್ಮಲ್. ‘ಗ್ಯಾಸ್’ ಎಂದು ಗುಳಿಗೆ ಕೊಟ್ಟರು. ಹೆಂಡತಿ ಕುಲದೇವರಲ್ಲಿ ಕೌಲು ಕೇಳಿಸಿದಳು. ಪ್ರಸಾದ ಬಲಕ್ಕೆ ಬಿತ್ತು. ಅಂದರೆ ದೇವರ ವರದಿಯೂ ನಾರ್ಮಲ್. ಇನ್ನುಳಿದ ಔಷಧ, ಅಂದರೆ ಕುಡಿತ, ಮಾಜಾಳಿ ಗಡಿಯ ಆಚೆ ಗೋವಾದಲ್ಲಿ ಅಗ್ಗವಾಗಿ ಸಿಗುತ್ತದೆ, ಅದನ್ನು ಕಾರವಾರದವರಿಗೆ ವಿವರಿಸಬೇಕಾಗಿಲ್ಲ. ಅದನ್ನೂ ಮಾಡಿ ನೋಡಿದೆ.

ಆಗಸ್ಟ್ 7ರಂದು ನಡುರಾತ್ರಿ ಕಳೆದ ಮೇಲೆ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ನಮ್ಮ ಮನೆ ಕೋಡಿಬಾಗದಲ್ಲಿ. ಓಣಿಗೆ ಓಣಿಯೇ ಎದ್ದು ಹೊಳೆಯ ಕಡೆಗೆ ಓಡಿತು. ನೀರಿಗೆ ಬಿದ್ದ ಲಾರಿಯ ಚಾಲಕನನ್ನು ಜೀವಂತವಾಗಿ ಮೇಲೆತ್ತಿದ ಸುದ್ದಿಯನ್ನು ಹೆಂಡತಿ ಬಂದು ಹೇಳಿದಳು. ನಾನು ಮಲಗಿಯೇ ಇದ್ದೆ. ಎಚ್ಚರವಿತ್ತು, ಗಲಾಟೆಯೂ ಕೇಳಿತ್ತು, ಏಳಬೇಕು ಅನ್ನಿಸಲಿಲ್ಲ. ದಿನಕ್ಕೆ ಎರಡು ಸಲ ಆ ಸೇತುವೆಯನ್ನು ನೋಡುತ್ತ ಬದುಕಿದವನು ನಾನು. ಅವಳು ಅಂದು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ.

ಚೌತಿ ಕಳೆದ ಮೇಲೆ ಬೋಟು ನಡೆಸುವ ಒಬ್ಬ ತಾಂಡೇಲರು ನನ್ನನ್ನು ಐಸ್ ಪ್ಲಾಂಟಿನ ಹಿಂದೆ ಕರೆದುಕೊಂಡು ಹೋಗಿ, ಯಾರೂ ಇಲ್ಲವೆಂದು ಎರಡು ಸಲ ನೋಡಿ, ‘ಇದು ಗ್ಯಾಸ್ ಅಲ್ಲ ಮಾರಾಯ, ನಾನೂ ಒಂದು ವರ್ಷ ಆ ಗುಳಿಗೆ ತಿಂದಿದ್ದೇನೆ’ ಎಂದರು. ಇಪ್ಪತ್ತು ವರ್ಷದ ಪರಿಚಯ, ನನಗೆ ಗೊತ್ತೇ ಇರಲಿಲ್ಲ. ಬಂದರಿನಲ್ಲಿ ಖಿನ್ನತೆ ಎಂಬ ಶಬ್ದ ನಡೆಯುವುದಿಲ್ಲ. ತಲೆಬಿಸಿ ಇದೆ, ಟೆನ್ಶನ್ ಇದೆ, ಗ್ಯಾಸ್ ಅಂತೂ ಧಾರಾಳವಾಗಿದೆ.

ಮನೋವೈದ್ಯರಲ್ಲಿಗೆ ಹೋದೆ. ನಾಲ್ಕು ನಿಮಿಷ ಮಾತನಾಡಿಸಿ ಗುಳಿಗೆ ಬರೆದರು. ಅವರನ್ನು ದೂರುವುದಿಲ್ಲ, ಹೊರಗೆ ಐವತ್ತು ಮಂದಿ ಕಾಯುತ್ತಿದ್ದರು. ಆದರೆ ಆ ಗುಳಿಗೆ ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು, ನಡುವೆ ತಾನೇ ನಿಲ್ಲಿಸಬಾರದು ಎಂದು ಯಾರೂ ಹೇಳಲಿಲ್ಲ. ಒಂಬತ್ತನೆಯ ದಿನ ಬಿಟ್ಟುಬಿಟ್ಟೆ. ಮತ್ತೆ ಹೋದಾಗ ಬೈಸಿಕೊಂಡೆ, ಗುಳಿಗೆಯ ಜೊತೆಗೆ ಆಪ್ತಸಮಾಲೋಚನೆಗೂ ಕಳಿಸಿದರು.

ಅಲ್ಲಿದ್ದವರು ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರು. ಈ ಹುಡುಗಿ ನನಗೇನು ಬುದ್ಧಿ ಹೇಳುತ್ತಾಳೆ ಎಂದುಕೊಂಡೇ ಕುಳಿತೆ. ಬುದ್ಧಿ ಹೇಳಲಿಲ್ಲ, ಅದೇ ವಿಚಿತ್ರ. ‘ಧೈರ್ಯವಾಗಿರಿ’ ಎಂದು ಊರೆಲ್ಲ ಹೇಳಿಯಾಗಿತ್ತು, ಅವರೊಬ್ಬರು ಹೇಳಲಿಲ್ಲ. ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಕಳೆದ ಎರಡು ವಾರದಲ್ಲಿ ನಿದ್ದೆ ಹೇಗೆ, ಹಸಿವು ಹೇಗೆ, ಕೆಲಸದಲ್ಲಿ ಆಸಕ್ತಿ ಇದೆಯೇ ಎಂಬಂಥವು. ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ನನಗೆ 17 ಬಂತು. ಅದೂ ಸುಳ್ಳು ಲೆಕ್ಕ. ಸತ್ತರೆ ಲೇಸು ಎಂಬ ಯೋಚನೆ ಬರುತ್ತದೆಯೇ ಎಂದು ಕೇಳುವ ಒಂಬತ್ತನೆಯ ಪ್ರಶ್ನೆಗೆ ನಾನು ಸೊನ್ನೆ ಹಾಕಿದ್ದೆ. ನಿಜವನ್ನು ಹೇಳಿದ್ದು ಮೂರನೆಯ ಭೇಟಿಯಲ್ಲಿ. ಅವರು ಗಾಬರಿಯಾಗಲಿಲ್ಲ, ದೇವರು ಕೊಟ್ಟ ಜೀವ ಎಂದು ಶುರು ಮಾಡಲೂ ಇಲ್ಲ. ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ಕೇಳಿದರು. ಹೆಂಡತಿಗೆ ತಿಳಿಸಲು ನನ್ನ ಒಪ್ಪಿಗೆ ಪಡೆದರು. ರಾತ್ರಿ ಹಾಗೆ ಅನ್ನಿಸಿದರೆ ಯಾರಿಗೆ ಫೋನ್ ಮಾಡಬೇಕು ಎಂದು ನನ್ನ ಕೈಯಿಂದಲೇ ಒಂದು ಚೀಟಿ ಬರೆಸಿದರು. ಅದರಲ್ಲಿ ಮೊದಲ ಹೆಸರು ಆ ತಾಂಡೇಲರದು, ಕೊನೆಗೆ ಸಹಾಯವಾಣಿಯ ಸಂಖ್ಯೆ 14416.

ಆಮೇಲೆ ಒಂದು ನೋಟ್‌ಬುಕ್. ಯಾವ ಹೊತ್ತಿಗೆ ಏನು ಮಾಡಿದೆ, ಆಗ ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ ಎಂದು ಬರೆಯಬೇಕು. ಮೊದಲ ವಾರ ಪುಟವೆಲ್ಲ ‘ಮಲಗಿದ್ದೆ, 1’. ಮನಸ್ಸು ಬಂದ ಮೇಲೆ ಕೆಲಸ ಮಾಡುತ್ತೇನೆ ಎಂದೆ. ಕೆಲಸ ಮೊದಲು, ಮನಸ್ಸು ಹಿಂದಿನಿಂದ ಬರುತ್ತದೆ ಎಂದರು. ಇಂಜಿನ್ ಬೇಡ, ಸಂಜೆ ನಾಲ್ಕಕ್ಕೆ ಹತ್ತು ಪಾನಾಗಳನ್ನು (ಸ್ಪ್ಯಾನರ್) ಸೀಮೆಎಣ್ಣೆಯಲ್ಲಿ ಒರೆಸಿ, ಅಳತೆಯ ಪ್ರಕಾರ ಮೊಳೆಗೆ ತೂಗುಹಾಕಬೇಕು. ಅಷ್ಟೇ. ಹನ್ನೊಂದನೆಯದನ್ನು ಒರೆಸಬಾರದು! ನಗು ಬಂತು, ಆದರೆ ಮಾಡಿದೆ. ನಾಲ್ಕು ಗಂಟೆಯ ಎದುರು ‘3’ ಬರೆದ ದಿನ ಹೆಂಡತಿಗೆ ತೋರಿಸಿದೆ. ಆರನೆಯ ಭೇಟಿಯ ಹೊತ್ತಿಗೆ ಒಂದು ನಾಡದೋಣಿಯ ಔಟ್‌ಬೋರ್ಡ್ ಇಂಜಿನ್ ಬಿಚ್ಚಿ, ಮುಚ್ಚಿ, ಚಾಲೂ ಮಾಡಿದೆ. ಒಟ್ಟು ಎಂಟು ಭೇಟಿ. ಗುಳಿಗೆಯನ್ನು ವೈದ್ಯರು ಹೇಳಿದ ಮೇಲೆಯೇ ನಿಧಾನವಾಗಿ ಕಡಿಮೆ ಮಾಡಿದೆ.

ಮನಸ್ಸನ್ನು ಇಂಜಿನ್ನಿಗೆ ಹೋಲಿಸಿ ಇಲ್ಲಿ ನಾಲ್ಕು ಸಾಲು ಬರೆಯಬೇಕೆಂದಿದ್ದೆ. ಆದರೆ ಅಲ್ಲೇ ಒಮ್ಮೆ ಹಾಗೆ ಹೇಳಿದಾಗ ಆ ಮೇಡಂ, ‘ಇಂಜಿನ್ ತಾನಾಗಿ ಪಾನಾ ಹಿಡಿದುಕೊಳ್ಳುತ್ತದೆಯೇ?’ ಎಂದು ಕೇಳಿದ್ದರು. ಹಾಗಾಗಿ ಬಿಟ್ಟಿದ್ದೇನೆ.

ಈಗ ನಾನು ಬರೆಯಲು ಕುಳಿತ ವಿಷಯ. ಸಮೀಕ್ಷೆಗಳಲ್ಲಿ ಖಿನ್ನತೆ ಹೆಂಗಸರಲ್ಲೇ ಹೆಚ್ಚು ಕಾಣಿಸುತ್ತದೆ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ 1,70,924 ಮಂದಿಯಲ್ಲಿ ನೂರಕ್ಕೆ ಸುಮಾರು 72 ಗಂಡಸರು. ಬದುಕಿರುವಾಗ ನಮ್ಮನ್ನು ಗ್ಯಾಸ್ ಮತ್ತು ಕುಡಿತದ ಖಾತೆಯಲ್ಲಿ ಬರೆಯಲಾಗುತ್ತದೆ ಎಂದು ನನ್ನ ಅನುಮಾನ.

ಮನೋವೈದ್ಯರು ಕಡಿಮೆ, ಏನು ಮಾಡುವುದು ಎನ್ನುತ್ತಾರೆ. ಕಾಳಿ ದಾಟಿ ಅರ್ಧ ಗಂಟೆ ಹೋದರೆ ಸಿಗುವ ಗೋವಾದಲ್ಲಿ ಇದಕ್ಕೊಂದು ದಾರಿ ಹುಡುಕಿದ್ದಾರೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಂಗಾತ್ ಎಂಬ ಸಂಸ್ಥೆ, ಈ ವಿದ್ಯೆಯ ಗಂಧವಿಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಖಿನ್ನತೆ ಇದ್ದವರನ್ನು ಆರರಿಂದ ಎಂಟು ಸಲ ಹೀಗೆಯೇ ಮಾತನಾಡಿಸಿತು. ಮೂರು ತಿಂಗಳ ಬಳಿಕ ನೂರಕ್ಕೆ 64 ಮಂದಿ ಚೇತರಿಸಿಕೊಂಡಿದ್ದರು. ಎಂದಿನ ಆರೈಕೆ ಮಾತ್ರ ಪಡೆದವರಲ್ಲಿ 39. ಇದು 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಮಗಳು ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದಳು. ಅವಳು ಇನ್ನೊಂದನ್ನೂ ಓದಿದಳು: ಅಲ್ಲಿಯೂ ಭಾಗವಹಿಸಿದವರಲ್ಲಿ ಹೆಚ್ಚಿನವರು ಹೆಂಗಸರೇ. ಆರೋಗ್ಯ ಕೇಂದ್ರದಲ್ಲಿ ಕುರ್ಚಿ ಹಾಕಿಕೊಂಡು ಕಾದರೆ ಗಂಡಸರು ಬರುವುದಿಲ್ಲ. ಕೆಲಸದ ದಿನ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಅಂದಿನ ಸಂಬಳ ಹೋಯಿತು, ಯಾರಾದರೂ ನೋಡಿದರೆ ಮರ್ಯಾದೆಯೂ ಹೋಯಿತು.

ಆದರೆ ಜೂನ್ ಮತ್ತು ಜುಲೈನಲ್ಲಿ ನಮ್ಮ ಕರಾವಳಿಯ ಬಂದರುಗಳಲ್ಲಿ ಗಂಡಸರು ಬಲೆ ಹೆಣೆಯುತ್ತ, ಇಸ್ಪೀಟು ಆಡುತ್ತ, ಸಾಲದ ಕಂತು ಎಣಿಸುತ್ತ ಕುಳಿತಿರುತ್ತಾರೆ. ಆ 61 ದಿನಗಳಲ್ಲಿ ವಾರಕ್ಕೊಂದು ಸಂಜೆ, ತರಬೇತಿ ಪಡೆದ ಒಬ್ಬರನ್ನು ಬಂದರಿಗೆ ಕಳಿಸಲು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರಿಗೆ ಸಾಧ್ಯವಿಲ್ಲವೇ? ಸಾಧ್ಯವಾದರೆ ಕೊಂಕಣಿ ಬಲ್ಲವರು ಇರಲಿ; ನಾನು ಕನ್ನಡದಲ್ಲಿ ಕಾಗದ ಬರೆಯಬಲ್ಲೆ, ಅಳು ಮಾತ್ರ ಕೊಂಕಣಿಯಲ್ಲಿ ಬರುತ್ತದೆ. ಫಲಕಕ್ಕೆ ‘ಮಾನಸಿಕ’ ಎಂದು ಬರೆಯಬೇಡಿ, ‘ನಿದ್ದೆ, ಗ್ಯಾಸ್, ತಲೆಬಿಸಿ’ ಎಂದು ಬರೆಯಿರಿ. ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಹಗಲೂ ರಾತ್ರಿಯೂ ಇರುತ್ತದೆ. ಅದನ್ನು ಡೀಸೆಲ್ ಬಂಕ್ ಮತ್ತು ಐಸ್ ಪ್ಲಾಂಟಿನ ಗೋಡೆಯ ಮೇಲೆ ದೊಡ್ಡದಾಗಿ ಬರೆಸಲು ಎಷ್ಟು ಬಣ್ಣ ಬೇಕು? ಮನೆಗೆ ಬಂದು ಬಿಪಿ, ಸಕ್ಕರೆ ಕೇಳುವ ಆಶಾ ತಾಯಂದಿರು ಆ ಒಂಬತ್ತು ಪ್ರಶ್ನೆಗಳನ್ನು ಮನೆಯ ಗಂಡಸಿಗೂ ಕೇಳಬಹುದು, ಐದು ನಿಮಿಷದ ಕೆಲಸ. ಆದರೆ ಅದಕ್ಕೆ ಅವರಿಗೆ ಬೇರೆ ಭತ್ಯೆ ಕೊಡಬೇಕು. ಪುಕ್ಕಟೆ ಹೊರಿಸಲು ನಾನು ಹೇಳುತ್ತಿಲ್ಲ.

ಜಾಗದ ಚಿಂತೆ ಬೇಡ. ನನ್ನ ವರ್ಕ್‌ಶಾಪಿನ ಹಿಂದೆ ಒಂದು ಕೋಣೆಯಿದೆ. ಒಂದು ಬೆಂಚು, ಒಂದು ಫ್ಯಾನ್, ಬಾಗಿಲಿಗೆ ಚಿಲಕವಿದೆ. ಹಿಂಬದಿಯಿಂದ ಬರುವ ದಾರಿ ರಸ್ತೆಗೆ ಕಾಣುವುದಿಲ್ಲ. ಸಂಜೆ ನಾಲ್ಕೂವರೆಯ ನಂತರ ಖಾಲಿ ಇರುತ್ತದೆ. ಅದಕ್ಕೆ ಮೊದಲು ನಾನು ಪಾನಾ ಒರೆಸುತ್ತಿರುತ್ತೇನೆ.

ಹೆಸರು ಪ್ರಕಟಿಸಬೇಡಿ. ನನಗೆ ನಾಚಿಕೆಯಿಲ್ಲ, ಆದರೆ ಮನೆಯಲ್ಲಿ ಮಗಳ ಮದುವೆಯ ಮಾತುಕತೆ ನಡೆಯುತ್ತಿದೆ. ವಿಳಾಸ ಸಂಪಾದಕರ ಬಳಿ ಇದೆ, ಕೋಣೆ ಬೇಕಾದವರು ಅವರನ್ನು ಕೇಳಬಹುದು.

— ಒಬ್ಬ ಡೀಸೆಲ್ ಮೆಕ್ಯಾನಿಕ್, ಕೋಡಿಬಾಗ, ಕಾರವಾರ