ಜಲಪಾತದ ಹಳೆಯ ಚಿತ್ರಗಳಲ್ಲಿ ಸಂಕೇತ ಯಾವುದು?

ಮಾನ್ಯ ಸಂಪಾದಕರೇ,

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಜಲಪಾತ ಛಾಯಾಚಿತ್ರಗಳನ್ನು ಕುರಿತು ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಆದರೆ ಕಾಲದ ಅನಂತತೆಯನ್ನು ಸೂಚಿಸಲೆಂದೇ ಅಂದಿನ ಛಾಯಾಗ್ರಾಹಕರು ನೀರನ್ನು ಹಾಲಿನ ಧಾರೆಯಂತೆ ಮಸುಕಾಗಿಸಿದರು ಎಂಬ ಲೇಖಕರ ಮಾತನ್ನು ಒಪ್ಪಲಾಗದು.

ಅಂದು ಬಳಕೆಯಲ್ಲಿದ್ದ, ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ ಕೊಲೋಡಿಯನ್ ಎಂಬ ಛಾಯಾಗ್ರಹಣ ವಿಧಾನದಲ್ಲಿ, ಗಾಜಿನ ಮೇಲೆ ಅಂಟಾದ ದ್ರವ ಸುರಿದು, ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಿ, ಹಸಿ ಆರುವುದರೊಳಗೆ ಚಿತ್ರ ತೆಗೆದು, ಅಲ್ಲೇ ಹಾಕಿಕೊಂಡ ಕತ್ತಲೆಯ ಗುಡಾರದಲ್ಲಿ ಅದನ್ನು ಸಂಸ್ಕರಿಸಬೇಕಿತ್ತು. ಬಂಡೆಯೂ ಮರವೂ ಸರಿಯಾಗಿ ಮೂಡಲು ಹಲವು ಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು, ಮಸೂರ ತೆರೆದೇ ಇರುತ್ತಿದ್ದಾಗ, ಬೀಳುವ ನೀರು ಹನಿಹನಿಯಾಗಿ ದಾಖಲಾಗುವ ಮಾತೇ ಇರಲಿಲ್ಲ. ನೀಲಿ ಬೆಳಕಿಗೆ ಆ ಫಲಕ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶವೂ ಬರಿದೇ ಬಿಳಿಯಾಗುತ್ತಿತ್ತು. ಇಂದು ನಮಗೆ ಧ್ಯಾನದಂತೆ ಕಾಣುವ ಆ ಮೌನ ಮೊದಲಿಗೆ ರಸಾಯನದ ಮಿತಿ. ಅದನ್ನು ನೋಡಿ ನಮ್ಮಲ್ಲಿ ಏಳುವ ಭಾವ ಸುಳ್ಳೆಂದು ನಾನು ಹೇಳುತ್ತಿಲ್ಲ; ಅದನ್ನು ಛಾಯಾಗ್ರಾಹಕನ ಉದ್ದೇಶವೆಂದು ಬರೆಯುವುದಷ್ಟೇ ತಪ್ಪು.

ಉದ್ದೇಶವನ್ನು ಹುಡುಕಬೇಕಾದ್ದು ಬೇರೆಡೆ. 1872ರಲ್ಲಿ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯ ಛಾಯಾಚಿತ್ರ ತೆಗೆದ ಎಡ್ವರ್ಡ್ ಮೈಬ್ರಿಜ್ ಬೋಳು ಆಕಾಶ ಒಲ್ಲದೆ, ಬೇರೆ ನೆಗೆಟಿವ್‌ಗಳಿಂದ ಮೋಡ ತಂದು ಮುದ್ರಿಸುತ್ತಿದ್ದರು. ಗಾಂಭೀರ್ಯವನ್ನು ಬೇಕೆಂದೇ ಕಟ್ಟಿದ್ದು ಎಂದರೆ ಇದು. 1861ರಲ್ಲಿ ಅದೇ ಕಣಿವೆಗೆ ಸುಮಾರು 18x22 ಅಂಗುಲದ ಗಾಜಿನ ಫಲಕಗಳನ್ನು ಹೊತ್ತೊಯ್ದ ಕಾರ್ಲ್ಟನ್ ವಾಟ್ಕಿನ್ಸ್ ಅವರ ಚಿತ್ರಗಳನ್ನು ಲೇಖಕರು 'ಮನುಷ್ಯನ ಸೋಂಕಿಲ್ಲದ ಪರಿಶುದ್ಧ ಪ್ರಕೃತಿಯ ಸಂಕೇತ' ಎಂದಿದ್ದಾರೆ. ಅದಕ್ಕೆ ಕೇವಲ ಹತ್ತು ವರ್ಷ ಮೊದಲು, 1851ರಲ್ಲಿ, ಮರಿಪೋಸಾ ಬೆಟಾಲಿಯನ್ ಎಂಬ ಸಶಸ್ತ್ರ ಪಡೆ ಕಣಿವೆಗೆ ನುಗ್ಗಿ ಅಲ್ಲಿ ಬಾಳುತ್ತಿದ್ದ ಅಹ್ವಾನೀಚಿ ಜನರನ್ನು ಹೊರದಬ್ಬಿತ್ತು. ಇದನ್ನು ತಿಳಿದ ಮೇಲೆ ಆ ನಿರ್ಜನತೆಯನ್ನು ಪರಿಶುದ್ಧತೆ ಎಂದು ಕರೆಯಲು ನನಗಂತೂ ಮನಸ್ಸು ಬರುವುದಿಲ್ಲ. ವಾಟ್ಕಿನ್ಸ್ ಅವರ ಕಸುಬುದಾರಿಕೆಯ ಬಗ್ಗೆ ನನಗಿರುವ ಗೌರವ ಇದರಿಂದ ಕುಂದುವುದೂ ಇಲ್ಲ.

ಇನ್ನು ನಯಾಗರದ ವಿಚಾರ. 1850ರ ದಶಕದಲ್ಲಿ ಅಲ್ಲಿ ನೆಲೆಯೂರಿದ್ದ ಪ್ಲಾಟ್ ಬ್ಯಾಬಿಟ್, ದಂಡೆಯ ಅಂಚಿನಲ್ಲಿ ನಿಂತ ಪ್ರವಾಸಿಗರನ್ನು ಹಿಂಬದಿಯಿಂದ ಡಗೆರೋಟೈಪ್ ಎಂಬ, ಬೆಳ್ಳಿ ಲೇಪಿಸಿದ ತಾಮ್ರದ ಫಲಕಗಳಲ್ಲಿ ಸೆರೆಹಿಡಿಯುತ್ತಿದ್ದರು. ಅವರ ಮುಖ ನಮಗೆ ಕಾಣುವುದಿಲ್ಲ. ಟೋಪಿ, ಉದ್ದನೆಯ ಲಂಗ, ಬೆನ್ನು, ಅವುಗಳಾಚೆ ಬಿಳಿಯ ಅಬ್ಬರ. ಅವರು ಏನನ್ನು ಕಂಡು ಬೆರಗಾದರೋ ಅದನ್ನೇ ನಾವೂ ಅವರ ಹೆಗಲ ಮೇಲಿಂದ ನೋಡುತ್ತೇವೆ. ನಿಮ್ಮ ಪುರವಣಿಯಲ್ಲಿ ಅಂಥದೊಂದು ಚಿತ್ರದ ಕೆಳಭಾಗವನ್ನೇ ಕತ್ತರಿಸಿ ಬರಿಯ ನೀರನ್ನು ಅಚ್ಚು ಹಾಕಲಾಗಿದೆ. 1853ರಲ್ಲಿ ದೋಣಿ ಅಪಘಾತದಿಂದ ಜಲಪಾತದ ಮೇಲ್ಭಾಗದ ರಭಸದ ನಡುವೆ ಮರದ ದಿಮ್ಮಿಗೆ ಅಂಟಿಕೊಂಡು, ಕೊನೆಗೆ ಕೊಚ್ಚಿಹೋದ ಜೋಸೆಫ್ ಎವರಿಯ ಚಿತ್ರವನ್ನು ತೆಗೆದವರೂ ಬ್ಯಾಬಿಟ್ ಅವರೇ. ಅದರಲ್ಲಿ ಆ ಮನುಷ್ಯ ಒಂದು ಕಪ್ಪು ಚುಕ್ಕೆಗಿಂತ ತುಸು ದೊಡ್ಡವನು, ಅಷ್ಟೆ. ಚೌಕಟ್ಟಿನ ಚಂದಕ್ಕಾಗಿ ಯಾರಾದರೂ ಆ ಚುಕ್ಕೆಯನ್ನೂ ಅಳಿಸಿದ್ದರೆ ಉಳಿಯುತ್ತಿದ್ದುದು ಇನ್ನೊಂದು ನೀರಿನ ಚಿತ್ರ ಮಾತ್ರ.

ಆದ್ದರಿಂದ ಮುಂದಿನ ಸಂಚಿಕೆಯಲ್ಲಿ ಪ್ರವಾಸಿಗರಿರುವ ಆ ನಯಾಗರ ಚಿತ್ರವನ್ನು ಕತ್ತರಿಸದೆ, ತೆಗೆದ ಕಾಲ ಮತ್ತು ವಿಧಾನದ ವಿವರದೊಡನೆ ಮತ್ತೊಮ್ಮೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ನಿಮ್ಮ ಓದುಗ